ಸ್ಟೂಲ್ ಹತ್ತಿದ ಅನ್‌ಫಾರ್ಚುನೇಟ್ಲಿ

ಇಂಗ್ಲಿಷ್ ಮೇಷ್ಟ್ರಾದವನು ನಗೆಪಾಟಲಾಗುವುದಕ್ಕೆ ಬೇರೆ ಪ್ರಯತ್ನವೇನೂ ಬೇಕಿಲ್ಲ, ದಿನಾ ಬೆಳಗ್ಗೆ ಸ್ಕೂಲಿಗೆ ಹೋದರೆ ಸಾಕು. ತೊಂಬತ್ತರ ದಶಕದಲ್ಲಿ ನಾನು ತುಮಕೂರಿನ ಮರಳೂರಿನಿಂದ ಗುಬ್ಬಿಯ ಒಂದು ಹೈಸ್ಕೂಲಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಇಡೀ ಸ್ಕೂಲಿಗೆ ನಾನೊಬ್ಬನೇ ಇಂಗ್ಲಿಷ್ ಮೇಷ್ಟ್ರು. ಬಸ್ಸಿನ ಕಂಡಕ್ಟರ್ ಕೂಡ "ಇಂಗ್ಲಿಷ್ ಮೇಷ್ಟ್ರು ಬಂದ್ರು, ಜಾಗ ಬಿಡ್ರಪ್ಪ" ಅನ್ನುತ್ತಿದ್ದ. ಸುಖವಾಗಿದ್ದೆ.

ಆಮೇಲೆ ಕುಣಿಗಲ್ಲಿನಿಂದ ಇನ್ನೊಬ್ಬರು ವರ್ಗವಾಗಿ ಬಂದರು. ಅವರನ್ನು ಕುಣಿಗಲ್ ಮೇಷ್ಟ್ರು ಅಂತಲೇ ಕರೆಯೋಣ. ತುಂಬ ಒಳ್ಳೆಯವರು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ, ಆದರೂ ನಾನು ಕೈಬಿಡಲಿಲ್ಲ.

ಕಾರಣವೂ ಇತ್ತು. ಬೇಸಿಗೆ ರಜೆಯಲ್ಲಿ ತುಮಕೂರಿನಲ್ಲಿ ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ನಡೆಯುತ್ತಿತ್ತು. ಅಲ್ಲಿ ಪಾಠ ಹೇಳುವವರಿಗೆ ಸಂಪನ್ಮೂಲ ವ್ಯಕ್ತಿ ಅಂತ ಹೆಸರು. ಉಳಿದವರೆಲ್ಲ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತು ಕೇಳಬೇಕು. ಬೆಂಚಿನಲ್ಲಿ ಕೂತು ಕೂತು ನನಗೆ ಸಾಕಾಗಿತ್ತು. ಈ ಸಲ ನಮ್ಮ ಸ್ಕೂಲಿನಿಂದ ಒಬ್ಬರ ಹೆಸರು ಕಳಿಸಬಹುದು ಅಂತ ಹೆಡ್‌ಮಾಸ್ಟರು ಹೇಳಿದ ಮೇಲಂತೂ ಆ ಹೆಸರು ನನ್ನದೇ ಅಂದುಕೊಂಡಿದ್ದೆ.

ಕಂಪ್ಲೇಂಟು

ಕುಣಿಗಲ್ ಮೇಷ್ಟ್ರು ಬಂದ ವಾರವೇ ಎಂಟನೇ ಕ್ಲಾಸಿಗೆ 'ಅನ್‌ಫಾರ್ಚುನೇಟ್ಲಿ' ಅನ್ನುವ ಪದ ಹೇಳಿಕೊಟ್ಟರು. ನಾನಾಗಿದ್ದರೆ ಬೋರ್ಡಿನ ಮೇಲೆ ಬರೆದು, ದುರದೃಷ್ಟವಶಾತ್ ಅಂತ ಅರ್ಥ ಹೇಳಿ, ಹತ್ತು ಸಲ ಬರೆದುಕೊಂಡು ಬನ್ನಿ ಅಂದು ಮುಗಿಸುತ್ತಿದ್ದೆ. ಇವರು ಹುಡುಗರನ್ನೇ ಎಬ್ಬಿಸಿ ಸಾಲಾಗಿ ನಿಲ್ಲಿಸಿದರು. ಮೊದಲು 'ಫಾರ್', 'ಚುನ್' ಅಂತ ಇಬ್ಬರು. ಹಿಂದೆ 'ಏಟ್' ಬಂದು ಸೇರಿಕೊಂಡ. ಮುಂದೆ 'ಅನ್' ಬಂದು ನಿಂತ. ಕೊನೆಗೆ 'ಲೀ' ಬಂದು ಬಾಲ ಹಿಡಿದ. ಉಚ್ಚಾರಣೆಯ ಒತ್ತು ಯಾವ ತುಂಡಿನ ಮೇಲೆ ಬೀಳುತ್ತದೋ ಆ ಹುಡುಗ ಸ್ಟೂಲಿನ ಮೇಲೆ ನಿಂತು ಗಟ್ಟಿಯಾಗಿ ಕೂಗಬೇಕು, ಉಳಿದವರು ನೆಲದ ಮೇಲೆ ನಿಂತು ಮೆಲ್ಲಗೆ ಅನ್ನಬೇಕು. 'ಫಾರ್' ಸ್ಟೂಲ್ ಹತ್ತಿ ಕೂಗಿದ ಕೂಗಿಗೆ ಹೆಂಚಿನ ಮೇಲಿದ್ದ ಪಾರಿವಾಳಗಳು ಎದ್ದು ಹೋದವು.

"ಲೀ ಬಂದ್ರೆ ಯಾರೂ ಜಾಗ ಬಿಡಬೇಕಾಗಿಲ್ಲ ಕಣ್ರೋ" ಅಂತ ಅವರು ವಿವರಿಸುತ್ತಿದ್ದದ್ದು ಪಕ್ಕದ ಕ್ಲಾಸಿನಲ್ಲಿದ್ದ ನನಗೂ ಕೇಳಿಸುತ್ತಿತ್ತು. "ಅವನು ಪಾಪ, ತಾನಾಗಿ ಬಂದು ಕೊನೇಲಿ ಸೇರ್ಕೋತಾನೆ. ಸ್ಟೂಲು ಎಲ್ಲಿತ್ತೋ ಅಲ್ಲೇ ಇರುತ್ತೆ."

ನನ್ನ ಕ್ಲಾಸಿನ ಹುಡುಗರೆಲ್ಲ ಕಿಟಕಿ ಕಡೆ ವಾಲಿದ್ದರು. ನನಗೆ ಮೈ ಉರಿಯಿತು. ನೇರವಾಗಿ ಹೆಡ್‌ಮಾಸ್ಟರ ರೂಮಿಗೆ ಹೋಗಿ, "ಪಕ್ಕದಲ್ಲಿ ಸಂತೆ ನಡೀತಿದೆ ಸಾರ್, ಪಾಠ ಮಾಡೋಕಾಗ್ತಿಲ್ಲ" ಅಂದೆ. ಅವರು ಬೆತ್ತ ಹಿಡಿದು ಹೊರಟರು. ಬಹಳ ಹೊತ್ತಾದರೂ ಗದರಿಸಿದ ಸದ್ದು ಬರಲಿಲ್ಲ. ಹೋಗಿ ಇಣುಕಿದರೆ ಬೆತ್ತ ಮೇಜಿನ ಮೇಲಿದೆ, ಹೆಡ್‌ಮಾಸ್ಟರು ಸಾಲಿನ ಮುಂದೆ 'ಅನ್' ಆಗಿ ನಿಂತಿದ್ದಾರೆ.

ನನ್ನನ್ನು ನೋಡಿ ಅವರು ಹೇಳಿದರು: "ನೀವು ಕಂಪ್ಲೇಂಟ್ ಮಾಡಿದ್ದು ಒಳ್ಳೇದಾಯ್ತು ಮೇಷ್ಟ್ರೇ. ಇಲ್ದಿದ್ರೆ ನಾನು ಈ ಕಡೆ ಬರ್ತಾನೇ ಇರ್ಲಿಲ್ಲ."

ಆರನೆಯವನು

ಸ್ಟೂಲಿನ ಪಾಠ ಊರಿಗೆಲ್ಲ ಹಬ್ಬಿತು. ನಾನು ತಪ್ಪು ಹುಡುಕುತ್ತಾ ಕಾದಿದ್ದೆ. ಒಂದು ದಿನ ಸಿಕ್ಕಿತು. ಅವತ್ತು 'ಎಕನಾಮಿಕಲಿ'. ಅವರು ಸ್ಪೆಲ್ಲಿಂಗ್ ನೋಡಿಕೊಂಡು ಆರು ಹುಡುಗರನ್ನು ನಿಲ್ಲಿಸಿದ್ದರು: ಎ, ಕ, ನಾ, ಮಿಕ್, ಅಲ್, ಲಿ. ನಾನು ಚಾಕ್‌ಪೀಸ್ ಕೇಳುವ ನೆಪದಲ್ಲಿ ಒಳಗೆ ಹೋಗಿ, "ಬರೆಯೋದು ಆರು ಸಾರ್, ಬಾಯಲ್ಲಿ ಬರೋದು ಐದೇ. 'ಅಲ್' ನುಂಗಿಬಿಡ್ತಾರೆ. ಡಿಕ್ಷನರಿ ನೋಡಿ" ಅಂದೆ. ಮಕ್ಕಳ ಎದುರಿಗೇ ಅಂದೆ.

ಬೇರೆಯವರಾಗಿದ್ದರೆ ಜಗಳ ಆಗುತ್ತಿತ್ತು. ಈ ಮನುಷ್ಯ ಖುಷಿಯಿಂದ ಡಿಕ್ಷನರಿ ತರಿಸಿ ನೋಡಿ, "ಹೌದಲ್ಲ ಸಾರ್, ನೀವು ಹೇಳಿದ್ದೇ ಸರಿ" ಅಂದು, 'ಅಲ್' ಆಗಿದ್ದ ಹುಡುಗನನ್ನು ಜಾಗಕ್ಕೆ ಕಳಿಸಿದರು. ಎಷ್ಟೋ ದಿನಗಳ ಮೇಲೆ ನನಗೆ ಮಧ್ಯಾಹ್ನದ ಊಟ ರುಚಿಸಿತು.

ಮಾರನೇ ದಿನ ಆ ಹುಡುಗನ ತಂದೆ ಬಂದರು. ಬಸ್ ಸ್ಟ್ಯಾಂಡ್ ಹತ್ತಿರ ಬಳೆ ಅಂಗಡಿ ಇಟ್ಟಿದ್ದ ಸಾಹೇಬರು, ಯಾವತ್ತೂ ಜೋರಾಗಿ ಮಾತಾಡಿದವರಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ನಮ್ ಹುಡುಗನ್ನ ಟೀಮಿಂದ ತೆಗೆದವರು ಯಾರು ಸಾರ್?" ಅಂದರು.

ಎಲ್ಲರೂ ನನ್ನ ಕಡೆ ನೋಡಿದರು.

"ಟೀಮ್ ಅಲ್ಲ ಸಾಹೇಬ್ರೆ, ಅದೊಂದು ಪದ" ಅಂದೆ. "ಇಂಗ್ಲೆಂಡಿನವರೇ ಅಲ್ಲಿ ಆ ಭಾಗ ನುಂಗಿಬಿಡ್ತಾರೆ. ನಾನೇನು ಮಾಡ್ಲಿ?"

"ಅವರು ನುಂಗಿದ್ರೆ ನುಂಗ್ಲಿ ಸಾರ್, ನೀವು ನಮ್ಮೂರವರಲ್ವಾ? ಹುಡುಗ ರಾತ್ರಿ ಊಟ ಮಾಡಿಲ್ಲ. ಮಿಕ್ಕ ಐದು ಜನ ಅವನ ಮುಂದೇನೇ ಎಕನಾಮಿಕ್ಲಿ ಅಂದ್ಕೊಂಡು ಮನೆಗೆ ಹೋದ್ರಂತೆ." ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಸ್ಟೂಲ್ ಬೇಡ ಸಾರ್. ನೆಲದ ಮೇಲೇ ಆಗ್ಲಿ. ಬೇರೆ ಯಾವ್ದಾದ್ರೂ ಉದ್ದದ ಪದದಲ್ಲಿ ಒಂದು ಜಾಗ ಮಾಡ್ಕೊಡಿ."

ಸೌಟು

ಸ್ಕೂಲಿನದು ಸ್ಕೂಲಿಗೇ ಮುಗಿಯಿತಾ ಅಂದರೆ ಅದೂ ಇಲ್ಲ. ಕುಣಿಗಲ್ ಮೇಷ್ಟ್ರು ಮರಳೂರಿನಲ್ಲೇ, ನಮ್ಮ ಬೀದಿಯಲ್ಲೇ ಬಾಡಿಗೆ ಮನೆ ಹಿಡಿದರು. ಸಂಜೆ ಬೀದಿಯ ಮಕ್ಕಳೆಲ್ಲ ಅವರ ಜಗಲಿಯಲ್ಲಿ. ಎದುರು ಮನೆಯ ಕಟ್ಟೆಯ ಮೇಲೆ ಹೆಂಗಸರು ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದರು. ಅವರಲ್ಲಿ ನನ್ನ ಹೆಂಡತಿಯೂ ಇದ್ದಳು ಅನ್ನುವುದು ನನಗೆ ಒಂದು ಊಟದ ಹೊತ್ತಿನಲ್ಲಿ ಗೊತ್ತಾಯಿತು.

ಅನ್ನಕ್ಕೆ ಇನ್ನೊಂದು ಸೌಟು ಸಾರು ಕೇಳಿದೆ. ಅವಳು ಪಾತ್ರೆಯೊಳಗೆ ನೋಡಿ, ಸೌಟಿನಿಂದ ಅಂಚಿಗೆ ಬಡಿಯುತ್ತಾ, "ಅನ್, ಫಾರ್, ಚು, ನೇಟ್, ಲಿ, ಸಾರು ಮುಗೀತು ಕಣ್ರೀ" ಅಂದಳು. 'ಫಾರ್' ಬಂದಾಗ ಬಿದ್ದ ಏಟಿಗೆ ಪಾತ್ರೆ ಇನ್ನೂ ಗುಂಯ್‌ಗುಡುತ್ತಿತ್ತು. ಒಂದು ಚೂರೂ ತಪ್ಪಿರಲಿಲ್ಲ.

ಮದುವೆಯಾದಾಗಿನಿಂದ ಅವಳಿಗೆ ಇಂಗ್ಲಿಷ್ ಕಲಿಸಬೇಕು ಅಂತ ನಾನು ಒದ್ದಾಡಿದ್ದೆ. ನಾನು ಪುಸ್ತಕ ತೆಗೆದ ಕೂಡಲೇ ಅವಳಿಗೆ ನಿದ್ದೆ ಬರುತ್ತಿತ್ತು.

"ನಾನು ಹೇಳಿಕೊಟ್ಟಾಗ ಯಾಕೆ ಕಲೀಲಿಲ್ಲ?" ಅಂದೆ.

"ನೀವು ಹೇಳಿಕೊಟ್ರಾ?" ಅಂದಳು. "ನೀವು ಬೈತಿದೀರಾ ಅಂತ ಅಂದ್ಕೊಂಡಿದ್ದೆ."

ಹರಕೆ

ಇನ್ನು ಸುಮ್ಮನಿದ್ದರೆ ಕೆಲಸ ಕೆಡುತ್ತದೆ ಅಂತ ನನ್ನದೇ ಒಂದು ವಿಧಾನ ಕಂಡುಹಿಡಿದೆ. ಸ್ಕೂಲಿನಿಂದ ದೇವರಾಯನದುರ್ಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವುದಿತ್ತು, ಹೆಡ್‌ಮಾಸ್ಟರೂ ಬರುವವರಿದ್ದರು. ಸ್ಟೂಲು ಏನು ಮಹಾ? ನನಗೆ ಇಡೀ ಬೆಟ್ಟದ ಮೆಟ್ಟಿಲುಗಳಿವೆ. ಒಂದು ಮೆಟ್ಟಿಲಿಗೆ ಪದದ ಒಂದು ತುಂಡು. ಒತ್ತು ಬಂದ ಕಡೆ ಎರಡೂ ಕಾಲು ಜೋಡಿಸಿ ಜಿಗಿಯಬೇಕು. ಪದ: 'ಇಂಡಿಪೆಂಡೆಂಟ್ಲಿ'.

ನಾನೇ ಮುಂದೆ ನಿಂತೆ. ಇನ್, ಡಿ, 'ಪೆನ್' ಅಂತ ಜಿಗಿದು, ಡೆಂಟ್, ಲಿ. ಹಿಂದೆ ಮಕ್ಕಳೂ ಹಾಗೇ. ಬಿಸಿಲು ಚುರುಕಾಗಿತ್ತು. ಉಸಿರು ಕಟ್ಟುತ್ತಿತ್ತು, ಆದರೆ ಕೆಳಗಿನಿಂದ ಹೆಡ್‌ಮಾಸ್ಟರು ನೋಡುತ್ತಿದ್ದಾರೆ ಅನ್ನುವ ಉತ್ಸಾಹ. ಅರ್ಧ ದಾರಿಗೆ ಬಂದಾಗ ದನಿ ಬಹಳ ದಪ್ಪವಾಗಿದೆ ಅನಿಸಿ ತಿರುಗಿ ನೋಡಿದೆ. ಮಕ್ಕಳ ಹಿಂದೆ ಹಳ್ಳಿಯಿಂದ ದೇವರ ದರ್ಶನಕ್ಕೆ ಬಂದ ಒಂದು ದೊಡ್ಡ ಗುಂಪು ಇತ್ತು. ಹಣ್ಣುಕಾಯಿ ತಟ್ಟೆ ಹಿಡಿದ ಹೆಂಗಸರು, ಪಂಚೆ ಎತ್ತಿ ಕಟ್ಟಿದ ಗಂಡಸರು, ಎಲ್ಲರೂ ಭಕ್ತಿಯಿಂದ 'ಪೆನ್' ಅಂದು ಜಿಗಿಯುತ್ತಿದ್ದರು.

ಮೇಲೆ ತಲುಪಿದ ಮೇಲೆ ಒಬ್ಬ ಅಜ್ಜಿ ಸೊಸೆಯನ್ನು ಕೈಹಿಡಿದು ಎಳೆದುಕೊಂಡು ನನ್ನ ಹತ್ತಿರ ಬಂದರು.

"ಸ್ವಾಮಿ, ಇದ್ಯಾವ ಅರಕೆ? ನಮ್ ಕಡೆ ಇಲ್ಲ."

"ಹರಕೆ ಅಲ್ಲಮ್ಮ, ಇಂಗ್ಲಿಷು" ಅಂದೆ.

"ಯಾವ ಬಾಸೆ ಆದ್ರೇನು ಬುಡಿ, ದೇವ್ರಿಗೆ ಗೊತ್ತಾಯ್ತದೆ. ನಮ್ ಸೊಸೆಗೆ ಮದ್ವೆ ಆಗಿ ಐದು ವರ್ಸ ಆಯ್ತು, ಮಕ್ಕಳಿಲ್ಲ. ಅವಳು ನಡುವೆ ಒಂದು ಕಡೆ ಜಿಗಿಯದು ಮರೆತ್ಬುಟ್ಳು. ಮತ್ತೆ ಕೆಳಗಿಂದ ಅತ್ತಬೇಕಾ?"

ಸೊಸೆ ನನ್ನನ್ನು ನೋಡಿದ ನೋಟಕ್ಕೆ ಹೆದರಿ, "ಬೇಡಮ್ಮ, ನಡೆಯುತ್ತೆ" ಅಂದುಬಿಟ್ಟೆ.

ಅಷ್ಟರಲ್ಲಿ ಹೆಡ್‌ಮಾಸ್ಟರು ಏದುಸಿರು ಬಿಡುತ್ತಾ ಹತ್ತಿ ಬಂದರು. ಮುಖವೆಲ್ಲ ಸಂತೋಷ. ನಾನು ಹೊಗಳಿಕೆಗೆ ತಯಾರಾಗಿ ನಿಂತೆ. ಅವರು ನನ್ನ ಬೆನ್ನು ತಟ್ಟಿ ಹೇಳಿದರು: "ಏನ್ ತಲೆ ರೀ ಆ ಮನುಷ್ಯಂದು. ಕುಣಿಗಲ್ ಮೇಷ್ಟ್ರ ಐಡಿಯಾ ಬೆಟ್ಟಾನೂ ಹತ್ತಿಬಿಡ್ತಲ್ಲ. ಈ ಸಲ ತರಬೇತಿಗೆ ಅವರ ಹೆಸರೇ ಕಳಿಸ್ತೀನಿ."

ಸಂಪನ್ಮೂಲ ವ್ಯಕ್ತಿ

ಕಳಿಸಿದರು ಕೂಡ. ರಜೆಯಲ್ಲಿ ಕುಣಿಗಲ್ ಮೇಷ್ಟ್ರು ಪಾಠ ಹೇಳುವುದಕ್ಕೆ, ನಾನು ಬೆಂಚಿನಲ್ಲಿ ಕೂತು ಕೇಳುವುದಕ್ಕೆ, ಇಬ್ಬರೂ ಒಂದೇ ಆಟೋದಲ್ಲಿ ಹೋದೆವು. ಅವರು ದಾರಿಯುದ್ದಕ್ಕೂ "ನೀವೇ ಬರಬೇಕಿತ್ತು ಸಾರ್, ನಿಮ್ಮಷ್ಟು ಡಿಕ್ಷನರಿ ನೋಡಿದವನಲ್ಲ ನಾನು" ಅನ್ನುತ್ತಿದ್ದರು. ಮನಸ್ಸಿನಿಂದಲೇ ಅನ್ನುತ್ತಿದ್ದರು. ಅದೇ ನನಗೆ ಸಹಿಸೋಕಾಗದ್ದು.

ಕೊನೆಯ ದಿನ ಮಧ್ಯಾಹ್ನ ಸ್ಟೂಲಿನ ಪ್ರಾತ್ಯಕ್ಷಿಕೆ. ಮಕ್ಕಳಿಗೆ ರಜೆ ಇದ್ದದ್ದರಿಂದ ಮೇಷ್ಟ್ರುಗಳೇ ಸಾಲಾಗಿ ನಿಲ್ಲಬೇಕಾಯಿತು. 'ಎಕಾನಮಿ' ಪದದಲ್ಲಿ ಒತ್ತು ಬೀಳುವುದು ಎರಡನೇ ತುಂಡು 'ಕಾ' ಮೇಲೆ. ಕುಣಿಗಲ್ ಮೇಷ್ಟ್ರು ಎಲ್ಲರನ್ನೂ ಬಿಟ್ಟು, "ಸಾರ್, ನೀವು ಬನ್ನಿ" ಅಂತ ನನ್ನನ್ನು ಕರೆದು ಸ್ಟೂಲ್ ಹತ್ತಿಸಿದರು.

ಹತ್ತಿದ ಮೇಲೆ ಗೊತ್ತಾಯಿತು, ಅದು ಎಂಥ ಜಾಗ ಅಂತ. ಜಿಲ್ಲೆಯ ಇಂಗ್ಲಿಷ್ ಮೇಷ್ಟ್ರುಗಳೆಲ್ಲ ಕೆಳಗೆ. ನಾನು 'ಕಾ' ಅಂತ ಕೂಗಿದರೆ ಎಲ್ಲರ ಕತ್ತೂ ನನ್ನ ಕಡೆ. ಬಳೆ ಅಂಗಡಿ ಸಾಹೇಬರ ಹುಡುಗ ಯಾಕೆ ಊಟ ಬಿಟ್ಟ ಅಂತ ಆಗ ಅರ್ಥವಾಯಿತು.

"ಈಗ ಹಿಂದೆ 'ಇಕ್' ಬಂದು ಸೇರುತ್ತೆ" ಅಂದರು ಕುಣಿಗಲ್ ಮೇಷ್ಟ್ರು. "ಎಕನಾಮಿಕ್ ಆಗುತ್ತೆ. ಒತ್ತು ಒಂದು ಮನೆ ಮುಂದಕ್ಕೆ, 'ನಾ' ಮೇಲೆ ಹೋಗುತ್ತೆ. ಸಾರ್, ನೀವು ಇಳೀರಿ. ಕೋರದ ಮೇಡಂ ಹತ್ತಲಿ."

ನಾನು ಇಳಿಯಲಿಲ್ಲ.

"ಸಾರ್, ಈಗ ನಿಮ್ಮ ಮೇಲೆ ಒತ್ತೇ ಇಲ್ಲ" ಅಂದರು ಅವರು, ಬಹಳ ಮೃದುವಾಗಿ.

"ಇನ್ನೂ 'ಲೀ' ಬರಬೇಕಲ್ಲ. ಪದ ಪೂರ್ತಿ ಆಗ್ಲಿ, ನೋಡೋಣ" ಅಂದೆ.

ಕೋರ ಗ್ರಾಮದ ಸ್ಕೂಲಿನಿಂದ ಬಂದಿದ್ದ ಆ ಮೇಡಂ ಒಂದು ಕಾಲು ಸ್ಟೂಲಿನ ಮೇಲಿಟ್ಟು ಕಾಯುತ್ತಾ, "ಇಳೀರಿ ಸಾರ್, ಬೋಂಡ ತಣ್ಣಗಾಗ್ತಿದೆ" ಅಂದರು. 'ಲೀ' ಆಗಬೇಕಿದ್ದವರು ಆ ಬೋಂಡಕ್ಕೆ ಆಗಲೇ ಎದ್ದು ಹೋಗಿದ್ದರು. ಬೇರೆ ದಾರಿಯಿಲ್ಲದೆ ಕುಣಿಗಲ್ ಮೇಷ್ಟ್ರೇ ಬಂದು ಸಾಲಿನ ಕೊನೆಯಲ್ಲಿ ನಿಂತರು.

ಸರಿಯಾಗಿ ಆಗ ಸಮಾರೋಪಕ್ಕೆ ಬರಬೇಕಿದ್ದ ಅಧಿಕಾರಿಗಳು ಒಳಗೆ ಬಂದರು. ಇನ್ನೆರಡು ಸಮಾರಂಭ ಬಾಕಿಯಿದ್ದ ಗಡಿಬಿಡಿ ಅವರದು. ಸಂಪನ್ಮೂಲ ವ್ಯಕ್ತಿಯನ್ನು ಅವರು ನೋಡಿರಲೇ ಇಲ್ಲ. ಇಡೀ ಕೋಣೆಯಲ್ಲಿ ಎತ್ತರದಲ್ಲಿ ಇದ್ದವನು ನಾನೊಬ್ಬನೇ. ನೆಟ್ಟಗೆ ಬಂದು ನನ್ನ ತಲೆಗೆ ಮೈಸೂರು ಪೇಟ ಇಟ್ಟರು, ಕೊರಳಿಗೆ ಹಾರ ಹಾಕಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಕುಣಿಗಲ್ ಮೇಷ್ಟ್ರು.

"ಅಷ್ಟು ಖುಷಿಯಾಗಿರೋ ಅವರು ಯಾರು?" ಅಂದರು ಅಧಿಕಾರಿಗಳು.

"ಅವರು ಲೀ ಸಾರ್" ಅಂದೆ. "ಕೊನೇಲಿ ಸೇರ್ಕೋತಾರೆ. ಯಾರಿಗೂ ತೊಂದ್ರೆ ಕೊಡಲ್ಲ."

ಸಂಜೆ ಮರಳೂರಿನ ತಿರುವಿನಲ್ಲೇ ಆಟೋ ಇಳಿದೆ. ಮನೆವರೆಗೂ ಹೋಗಬಹುದಿತ್ತು, ಆದರೆ ಪೇಟ ಬೀದಿಗೆಲ್ಲ ಕಾಣಬೇಕಲ್ಲ. ಹಾರವನ್ನೂ ತೆಗೆಯಲಿಲ್ಲ. ಭಾರ ಅಂತ ಹಣ್ಣಿನ ಬುಟ್ಟಿಯನ್ನು ಕುಣಿಗಲ್ ಮೇಷ್ಟ್ರು ಹೊತ್ತುಕೊಂಡು ಪಕ್ಕದಲ್ಲಿ ಬರುತ್ತಿದ್ದರು. ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಎದ್ದು ನಿಂತರು. ನಾನು ಎದೆಯುಬ್ಬಿಸಿ ನಮ್ಮ ಬಾಗಿಲು ಬಡಿದೆ.

ಹೆಂಡತಿ ಬಾಗಿಲು ತೆಗೆದಳು. ನನ್ನನ್ನು ನೋಡಿದಳು, ಅವರನ್ನು ನೋಡಿದಳು, ಮತ್ತೆ ನನ್ನ ತಲೆ ನೋಡಿದಳು.

"ಅಯ್ಯೋ, ಅವರ ಪೇಟ ನೀವ್ಯಾಕೆ ಹಾಕ್ಕೊಂಡಿದೀರಾ?" ಅಂದಳು. "ಬೆವರಾಗುತ್ತೆ, ತೆಗೆದು ಕೊಡಿ ಅವರಿಗೆ."