ಸಾಹೇಬರಿಗೊಂದು ‘ದೌ’

ದೊಡ್ಡ ದೊಡ್ಡ ವಕೀಲರು ಬಂದರೂ ಕುರ್ಚಿ ಬಿಟ್ಟು ಏಳದ ಸಾಹೇಬರನ್ನು ಒಂದೇ ಒಂದು ಇಂಗ್ಲಿಷ್ ಶಬ್ದದಿಂದ ಎಬ್ಬಿಸಿ ನಿಲ್ಲಿಸಿದವನು ನಾನು! ಲಿಂಗಸುಗೂರಿನಲ್ಲಿ ಆಗ ನನ್ನಂಥ ಇಂಗ್ಲಿಷ್ ಪಂಡಿತ ಇನ್ನೊಬ್ಬನಿರಲಿಲ್ಲ. ನಂಬದಿದ್ದರೆ ನನ್ನ ಗೆಳೆಯ ಕರಿಬಸಪ್ಪನನ್ನು ಕೇಳಿ. ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ, ಅದು ಬೇರೆ ವಿಷಯ.

ನಿಜಾಮನ ಆಳ್ವಿಕೆ ಮುಗಿದು ಎರಡು ವರ್ಷವಾಗಿತ್ತು. ಕಚೇರಿಯಿಂದ ಉರ್ದು ಹೋಗಿ ಇಂಗ್ಲಿಷ್ ಬಂದಿತ್ತು, ಅದರ ಬೆನ್ನಿಗೇ ಮದ್ರಾಸ್ ಕಡೆಯ ಸಾಹೇಬರೊಬ್ಬರು ಬಂದಿದ್ದರು. ಗುಮಾಸ್ತ ಕರಿಬಸಪ್ಪನಿಗೆ ಹೊಸದಾಗಿ ಮದುವೆ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರಲಾಗದೆ ಹೆಂಡತಿ ಕಸ್ತೂರೆಮ್ಮ ಮಸ್ಕಿಯಲ್ಲೇ ಉಳಿದಿದ್ದಳು. ಮಸ್ಕಿಯಲ್ಲೊಂದು ಜಾಗ ಖಾಲಿಯಾಯಿತು. ಸಾಹೇಬರು ಹೂಂ ಅಂದರೆ ಸಾಕು, ಅಲ್ಲಿಗೆ ವರ್ಗ ಆದಂತೆಯೇ. ಆದರೆ ಕೇಳಬೇಕಾದ್ದು ಇಂಗ್ಲಿಷಿನಲ್ಲಿ!

ಅವತ್ತು ಮುಂಜಾನೆ ದಾವಲ್‌ಸಾಬನ ಚಹಾದಂಗಡಿಯಲ್ಲಿ ಕರಿಬಸಪ್ಪ ನೆನೆದ ಕೋಳಿಯ ಹಾಗೆ ಕೂತಿದ್ದ.

“ಸಾಹೇಬ್ರಿಗೂ ಯೂ, ಓಣ್ಯಾಗಿನ ನಾಯಿಗೂ ಯೂ! ಇದೆಂಥಾ ಭಾಷಾಲೇ? ಉರ್ದೂದಾಗ ಆಪ್ ಐತಿ, ಹುಜೂರ್ ಐತಿ. ಇದ್ರಾಗ ಹ್ಯಾಂಗ ಬಾಯಿ ತೆಗೀಲಿ?”

ಸಿಂಧನೂರಿನ ಟೆಂಟ್ ಸಿನಿಮಾದ ಹೀರೋ ತರಹ ನಾನು ಕೂದಲು ಹಿಂದಕ್ಕೆ ಸರಿಸಿದೆ. “ಘಾಬರಿ ಆಗಬ್ಯಾಡ ದೋಸ್ತಾ, ನಾ ಜಿಂದಾ ಅದೀನಿ! ಹಳೇ ಇಂಗ್ಲಿಷ್ ಪುಸ್ತಕದಾಗ ‘ಯೂ’ ಬದ್ಲಿ ‘ದೌ’ ಅಂತ ಐತಿ. ದೇವ್ರಿಗೇ ದೌ ಅಂತಾರಲೇ. ದೇವ್ರಕಿಂತ ದೊಡ್ಡಾಂವೇನು ನಿಮ್ಮ ಸಾಹೇಬ?”

“ಹಂಗಾರ ಭಾಳ ಮರ್ಯಾದಿ ಶಬ್ದ ಅನ್ನು!”

“ಮತ್ತ? ನಾವು ಬರ್ರಿ, ಕೂಡ್ರಿ ಅಂತ ‘ರೀ’ ಹಚ್ಚತೀವಲ್ಲ, ಅವರು ‘ಎಸ್ಟ್’ ಹಚ್ಚತಾರ. ಕಮೆಸ್ಟ್, ಸಿಟ್ಟೆಸ್ಟ್! ತಾವು ಅದೀರಿ ಅನ್ನಾಕ, ದೌ ಆರ್ಟ್.”

ದಾವಲ್‌ಸಾಬ್ ಕೆಟಲಿ ಇಳಿಸಿದ. “ಆರ್ಟ್ ಅಂದ್ರ ಚಿತ್ರ ಬಿಡಿಸೂದು ಅಲ್ಲೇನೋ?”

“ಚಾ ಸೋಸು ಸಾಬಣ್ಣ. ಗ್ರಾಮರಿಗೆ ಕೈ ಹಾಕಬ್ಯಾಡ.”

ಕಚೇರಿಯ ಪಡಸಾಲೆಯಲ್ಲಿ ಕರಿಬಸಪ್ಪ “ದೌ, ದೌ” ಎಂದು ಬಾಯಿಪಾಠ ಶುರು ಮಾಡಿದ. ಧೈರ್ಯ ಬರಲೆಂದು ಒಮ್ಮೆ ಜೋರಾಗಿಯೇ ಅಂದ. ಅಲ್ಲಿ ಕೂತಿದ್ದ ರೈತರಿಗೆ ಅದು ಉರ್ದುವಿನ ‘ದೌಡ್’, ಅಂದರೆ ‘ಓಡು’ ಎಂದು ಕೇಳಿಸಿತು. ರುಮಾಲು ಬಿಟ್ಟು ಎಲ್ಲರೂ ಹೊರಗೋಡಿದರು. ಅವರನ್ನು ನೋಡಿ ಚಪರಾಸಿಯೂ ಓಡಿದ. ಗದ್ದಲ ಕೇಳಿ ಸಾಹೇಬರು ಒಳಗಿನಿಂದ ಗುಡುಗಿದರು. ಪಡಸಾಲೆಯಲ್ಲಿ ಉಳಿದವನು ಕರಿಬಸಪ್ಪ ಒಬ್ಬನೇ. ಒಳಗೆ ಹೋದ. ನಾನು ಕಿಟಕಿಗೆ ಅಂಟಿಕೊಂಡೆ.

“ಗುಡ್ ಮಾರ್ನಿಂಗ್ ಸರ್! ದೌ ಆರ್ಟ್ ಗ್ರೇಟ್! ದೌ ಸೆಂಡೆಸ್ಟ್ ಮಿ ಮಸ್ಕಿ!”

ಸಾಹೇಬರ ಪೆನ್ನು ನಿಂತಿತು. ಕನ್ನಡಕ ತೆಗೆದು, ಅಚ್ಚ ಕನ್ನಡದಲ್ಲಿ ಕೇಳಿದರು: “ದೌ ಅಂದರೆ ಏನ್ರೀ?”

ಸಾಹೇಬರು ಮಂಗಳೂರಿನವರು; ಆ ಮಂಗಳೂರೂ ಮದ್ರಾಸಿನಲ್ಲೇ ಬರುತ್ತದೆಂದು ನಮಗೆ ಯಾರು ಹೇಳಿದ್ದರು?

“ದೇವ್ರಿಗೆ ಅನ್ನೂದ್ರಿ, ಸಾಹೇಬ್ರ!”

“ಮನೆಯಲ್ಲಿ ದೇವರಿಗೆ ಏನಂತೀರಿ? ‘ಶಿವನೇ, ನೀವು ಕಾಪಾಡಿರಿ’ ಅಂತಲೋ?”

“ಇಲ್ರಿ. ‘ಶಿವನ, ನೀನ ಕಾಪಾಡಪಾ’ ಅಂತೀವ್ರಿ.”

“ಹಾಗಾದರೆ ದೌ ಅಂದರೆ?”

“ನೀ…” ಎಂದವನೇ ಕರಿಬಸಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಸಾಹೇಬರು ದಡಕ್ಕನೆ ಎದ್ದರು. ನಾನು ಓಡಲು ಧೋತರ ಎತ್ತಿಕೊಂಡೆ.

“ನಮ್ಮಮ್ಮ ಹೋದ ಮೇಲೆ ನನ್ನನ್ನು ‘ನೀನು’ ಅಂದವರೇ ಇಲ್ಲ,” ಅಂದರು ಸಾಹೇಬರು. “ಇಲ್ಲಿಗೆ ಬಂದಾಗಿನಿಂದ ಬರೀ ಸಲಾಂ, ಹುಜೂರ್! ಹಳೇ ಇಂಗ್ಲಿಷ್ ಕಾವ್ಯ ಓದೋಣವೆಂದರೆ ಕೇಳಲು ಒಂದು ಕಿವಿಯಿಲ್ಲ. ನಿನ್ನಂಥವನನ್ನು ಮಸ್ಕಿಗೆ ಕಳಿಸಲಾ? ಸಾಧ್ಯವೇ ಇಲ್ಲ. ಇನ್ನು ದಿನಾ ಸಂಜೆ ನಮ್ಮ ಮನೆಗೆ ಬಾ, ಕರಿಬಸಪ್ಪ.”

ಮಸ್ಕಿಗೆ ಹೋದವನು ಸಾಹೇಬರಿಗೂ ನಾಯಿಗೂ ‘ಯೂ’ ಅನ್ನುತ್ತಿದ್ದ ಇನ್ನೊಬ್ಬ ಗುಮಾಸ್ತ. ಎಷ್ಟೋ ಸಂಜೆ ಸಾಹೇಬರ ಮನೆ ಮುಂದೆ ಹಾಯುವಾಗ ಒಳಗಿನಿಂದ ಆ ‘ದೌ, ದೌ’ ಕೇಳುತ್ತಿತ್ತು; ನಡುನಡುವೆ ಕರಿಬಸಪ್ಪನ ಆಕಳಿಕೆ. ಈಗಲೂ ಆ ಓಣಿಗೆ ಹೋದರೆ ನನ್ನ ಕಿವಿ ಅದನ್ನೇ ಹುಡುಕುತ್ತದೆ.

ಸಾಹೇಬರನ್ನು ಕುರ್ಚಿಯಿಂದ ಎಬ್ಬಿಸಿದೆ ಎಂದೆನಲ್ಲ, ಅದು ಸುಳ್ಳಲ್ಲ. ಆದರೆ ಇದ್ದದ್ದು ಇದ್ದಹಾಗೆ ಹೇಳಬೇಕೆಂದರೆ, ಅವರು ಎದ್ದದ್ದು ಕರಿಬಸಪ್ಪ ಮಸ್ಕಿ ಬಸ್ಸು ಹಿಡಿಯದಂತೆ ಬಾಗಿಲ ಚಿಲಕ ಹಾಕಲಿಕ್ಕೆ.