ಕೈಂಡ್ಲಿ ಎಂಬ ಆರು ಅಕ್ಷರ

ನನ್ನ ಬೆರಳುಗಳು ನನಗಿಂತ ಮರ್ಯಾದಸ್ಥ ಬೆರಳುಗಳು. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಮನಸ್ಸು ‘ಅಯ್ಯೋ ಶಿವನೇ, ಮತ್ತೆ ಬರ್ತಾರಂತಲ್ಲ’ ಎಂದು ಗೊಣಗುತ್ತಿರುವಾಗಲೇ ಅವು ‘ನಿಮ್ಮ ಕಾಗದ ತಲುಪಿ ಬಹಳ ಸಂತೋಷವಾಯಿತು’ ಎಂದು ಬರೆದು ಮುಗಿಸಿರುತ್ತವೆ. ಈ ಸಂಸ್ಕಾರ ಕೊಟ್ಟವರು ಕಾನ್ವೆಂಟಿನಲ್ಲಿ ನನಗೆ ಟೈಪಿಂಗ್ ಕಲಿಸಿದ ಸಿಸ್ಟರ್. ನಮ್ಮ ಕೈಗಳ ಮೇಲೆ ಒಂದು ಬಿಳಿಯ ಬಟ್ಟೆ ಹೊದಿಸಿ, ಕೀ ನೋಡದೆಯೇ ಹೊಡೆಯಬೇಕು ಎನ್ನುತ್ತಿದ್ದರು. ಬಟ್ಟೆ ಸರಿಸಿ ಇಣುಕಿದವಳಿಗೆ ರೂಲರ್ ಏಟು. ಹೀಗಾಗಿ ಯಾವ ಅಕ್ಷರ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನನಗೆ ಇಂದಿಗೂ ಗೊತ್ತಿಲ್ಲ. ಬೆರಳಿಗೆ ಗೊತ್ತಿದೆ.

ಇಂಥ ನಾನು, ಒಂದು ಭಾನುವಾರ ನಮ್ಮವರು ಪತ್ರಿಕೆಯಲ್ಲಿ ಓದಿ ಹೇಳಿದ ಸುದ್ದಿಗೆ ಬೆಚ್ಚಿಬಿದ್ದದ್ದು ಸಹಜ. ಯಾವುದೋ ದೂರದ ದೇಶದಲ್ಲಿ ತಲೆಗೆ ತಂತಿ ಅಂಟಿಸಿ, ಮನುಷ್ಯ ಮನಸ್ಸಿನಲ್ಲಿ ನೆನೆದ ಅಕ್ಷರವನ್ನು ಕಂಪ್ಯೂಟರಿನ ಪರದೆಯ ಮೇಲೆ ಮೂಡಿಸಲು ನೋಡುತ್ತಿದ್ದಾರಂತೆ. ಬೆರಳೇ ಬೇಡವಂತೆ.

“ನಿನ್ನ ತಲೆಗೆ ಹಾಕಿದ್ರೆ ಕಾಗದ ಸಾಲಲ್ಲ ಕಣೇ,” ಎಂದರು ನಮ್ಮವರು.

“ನಿಮ್ಮ ತಲೆಗೆ ಹಾಕಲಿ ಬಿಡಿ, ಟೈಪಿನ ರಿಬ್ಬನ್ನಾದ್ರೂ ಉಳಿಯುತ್ತೆ,” ಎಂದೆ.

ನಗುತ್ತಲೇ ಅಡಿಗೆಮನೆಗೆ ಹೋದೆನಾದರೂ ಆ ಯೋಚನೆ ಬಿಡಲಿಲ್ಲ. ನೆಂಟರಿಗೆ ಉಪ್ಪಿಟ್ಟು ಬಡಿಸುತ್ತಿರುವಾಗ ತಲೆಯಲ್ಲಿ ಓಡುವುದೆಲ್ಲ ಎದುರಿನ ಗೋಡೆಯ ಮೇಲೆ ಅಕ್ಷರವಾಗಿ ಮೂಡಿದರೆ ಗತಿಯೇನು? ಆಮೇಲೆ ಒಗ್ಗರಣೆ ಹಾಕುತ್ತಾ ಹೊಳೆಯಿತು: ಅಂಥದ್ದೊಂದು ಯಂತ್ರ, ತಂತಿಯಿಲ್ಲದ್ದು, ಮೂರು ತಿಂಗಳಿಂದ ನಮ್ಮ ರಾಜಾಜಿನಗರದ ಮನೆಯ ನಡುಕೋಣೆಯಲ್ಲೇ ನಡೆಯುತ್ತಿದೆಯಲ್ಲ!

ನಮ್ಮ ಮಾವನವರು ಬಿನ್ನಿಪೇಟೆಯ ಕಡೆ ಒಂದು ಕಚೇರಿಯಲ್ಲಿ ಹೆಡ್ ಟೈಪಿಸ್ಟ್ ಆಗಿದ್ದವರು. ನಿವೃತ್ತರಾದ ಮೇಲೆ ಒಂದು ಹಳೆಯ ಇಂಗ್ಲಿಷ್ ಟೈಪ್‌ರೈಟರ್ ಕೊಂಡು ತಂದು, ಬೀದಿಯವರ ಅರ್ಜಿಗಳನ್ನೆಲ್ಲ ತಾವೇ ಹೊಡೆದುಕೊಡುತ್ತಿದ್ದರು. ಕಾರ್ಬನ್ ಕಾಪಿ ಇಲ್ಲದ ಪತ್ರ ಪತ್ರವೇ ಅಲ್ಲ ಎನ್ನುವುದು ಅವರ ಸಿದ್ಧಾಂತ. ಈ ವರ್ಷ ಲಕ್ವ ಹೊಡೆದು ಮಾತು ನಿಂತಿತು. ಬಲಗೈ ಬಿದ್ದುಹೋಯಿತು, ಎಡಗೈ ಒಂದು ಕೀ ಒತ್ತುವಷ್ಟೂ ನಿಲ್ಲದೆ ನಡುಗುತ್ತದೆ. ಉಳಿದದ್ದು ಕಣ್ಣು. ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ. ಆ ಕಣ್ಣು ದಿನವಿಡೀ ಬೀರುವಿನ ಮೇಲಿದ್ದ ಟೈಪ್‌ರೈಟರಿನತ್ತಲೇ ಹೋಗುತ್ತಿತ್ತು. ಧೂಳು ಕಂಡು ಬೇಸರವಿರಬೇಕೆಂದು ಮೂರು ಸಲ ಒರೆಸಿದೆ. ನಾಲ್ಕನೆಯ ಸಲ ಬುದ್ಧಿ ಬಂದು, ಸ್ಟೂಲಿನ ಮೇಲೆ ಅವರ ಮುಂದೆ ಇಟ್ಟು, “ಮೇಲಿನ ಸಾಲಾ ಮಾವ? ನಡುವಿನದಾ? ಕೆಳಗಿನದಾ?” ಎಂದು ಕೇಳಿದೆ. ನಡುವಿನದಕ್ಕೆ ಕಣ್ಣು ಮುಚ್ಚಿದರು. ಆ ಸಾಲಿನ ಒಂದೊಂದೇ ಅಕ್ಷರದ ಮೇಲೆ ಬೆರಳಿಡುತ್ತಾ ಹೋದೆ. ಕೆ ಬಂದಾಗ ಮತ್ತೆ ಕಣ್ಣು ಮುಚ್ಚಿದರು.

ಲಕ್ವ ಹೊಡೆದ ಮೇಲೆ ಅವರ ಮೊದಲ ಮಾತು! ಸ್ನಾನ ಮಾಡುತ್ತಿದ್ದ ನಮ್ಮವರನ್ನು ಕೂಗಿ ಕರೆದೆ. ಟವೆಲ್ ಸುತ್ತಿಕೊಂಡು ಅವರು ಓಡಿ ಬಂದು ನಿಂತರು. ಕೆ, ಐ, ಎನ್, ಡಿ, ಎಲ್, ವೈ. ಮೂರೂ ಸಾಲು ಸುತ್ತಿ ಬರುವ ಪದ. ಅರ್ಧ ಗಂಟೆಯಾದ ಮೇಲೆ ಕಾಗದದ ಮೇಲಿದ್ದದ್ದು ‘ಕೈಂಡ್ಲಿ’.

ಜೀವಮಾನವಿಡೀ ‘ದಯವಿಟ್ಟು’ ಎಂದು ಆರಂಭವಾಗದ ಒಂದು ಪತ್ರವನ್ನೂ ಹೊಡೆಯದ ಮನುಷ್ಯ, ಬಾಯಿ ಹೋದ ಮೇಲೆ ಆ ನಿಯಮ ಬಿಟ್ಟಾರೆಯೇ? ಬೆನ್ನು ತುರಿಸಬೇಕೆಂದರೂ ಮೊದಲು ಕೈಂಡ್ಲಿ. “ಅದು ಇದ್ದೇ ಇರುತ್ತೆ ಅಂದ್ಕೋತೀನಿ ಮಾವ, ಮುಂದಕ್ಕೆ ಹೇಳಿ,” ಎಂದರೆ ಎರಡು ಸಲ ಕಣ್ಣು ಮುಚ್ಚುತ್ತಿದ್ದರು. ಒಂದು ನಿಮಿಷಕ್ಕೆ ನಲವತ್ತು ಪದ ಹೊಡೆಯುವ ನನಗೆ ಒಂದು ಬೆಳಗಿಗೆ ಮೂರು ಪದ! ತಡೆಯಲಾರದೆ ಊಹಿಸುವ ಚಟ ಹತ್ತಿತು. ಕೈಂಡ್ಲಿ ಆದ ಮೇಲೆ ಒಂದು ಅಕ್ಷರ ಸಿಕ್ಕರೆ ಸಾಕು, ನಾನೇ ವಾಕ್ಯ ಮುಗಿಸಿ ಎದ್ದುಬಿಡುತ್ತಿದ್ದೆ. ಒಮ್ಮೆ ಡಬ್ಲ್ಯು ಬಂತು; ವಾಟರ್ ಇರಬೇಕೆಂದು ನೀರು ತಂದೆ, ಆಮೇಲೆ ಬಿಸಿನೀರು ತಂದೆ, ಆಮೇಲೆ ಜೀರಿಗೆ ಕುದಿಸಿದ ನೀರು ತಂದೆ. ಅವರು ಹೇಳುತ್ತಿದ್ದದ್ದು ವಿಂಡೋ, ಕಿಟಕಿ ತೆಗೆಯಿರಿ ಎಂದು. ಮೂರು ಲೋಟ ನೀರು ಕುಡಿಸಿದ ಮೇಲೆ ಇನ್ನೇನೇನು ಬೇಕಾಯಿತೆಂದು ಇಲ್ಲಿ ಬರೆಯುವುದಿಲ್ಲ.

ಹೀಗಿರುವಾಗ ಕೆಂಗೇರಿಯಿಂದ ಜಯಕ್ಕ ಬಂದರು. ಅವರು ನಮ್ಮವರ ಅಕ್ಕ. ಬಂದವರೇ ತಂದೆಯ ಪಕ್ಕ ಕುಳಿತು, “ಅಪ್ಪನ್ನ ನಾನು ಕರ್ಕೊಂಡು ಹೋಗ್ತೀನಿ. ಅಲ್ಲೇ ಇರ್ಲಿ ಇನ್ಮೇಲೆ. ಕೆಳಗಡೇನೇ ರೂಮಿದೆ,” ಎಂದರು.

“ಇಲ್ಲಿ ಏನು ಕಮ್ಮಿಯಾಗಿದೆ ಅಂತ?” ಎಂದರು ನಮ್ಮವರು.

“ಕಮ್ಮಿ ಅಂದ್ನೇನೋ ನಾನು? ನೀನು ಆಫೀಸಲ್ಲಿ ಹೋಗಿ ಕೂತ್ಕೋತೀಯ. ನೋಡ್ಕೊಳೋರು ಯಾರು?”

“ಸರೋಜ ನೋಡ್ಕೋತಾಳೆ. ಅವಳಿಗೇನೂ ತೊಂದ್ರೆ ಇಲ್ಲ.”

“ಅವಳಿಗೆ ಸಾಕಾಗಿದೆ ಕಣೋ, ಮುಖ ನೋಡಿದ್ರೆ ಗೊತ್ತಾಗಲ್ವಾ ನಿಂಗೆ?”

ಸರೋಜ ಎಂದರೆ ನಾನೇ. ಕಾಫಿ ಲೋಟಗಳ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಒಬ್ಬರು ನನಗೆ ತೊಂದರೆಯಿಲ್ಲ ಎಂದರು, ಇನ್ನೊಬ್ಬರು ಸಾಕಾಗಿದೆ ಎಂದರು. ಇಬ್ಬರೂ ನನ್ನ ಮೊದಲ ಅಕ್ಷರಕ್ಕೂ ಕಾಯದೆ ವಾಕ್ಯ ಮುಗಿಸಿದ್ದರು. ಮೂರು ಲೋಟ ನೀರು ಕುಡಿದ ಮಾವನವರ ಕಷ್ಟ ನನಗೆ ಆಗ ಅರ್ಥವಾಯಿತು.

“ಅಪ್ಪನ್ನೇ ಕೇಳೋಣ. ಅಪ್ಪ, ನಮ್ಮನೆಗೆ ಬರ್ತೀಯಾ?” ಎಂದರು ಜಯಕ್ಕ. ಮಾವನವರ ಕಣ್ಣು ಒಂದು ಸಲವೂ ಮುಚ್ಚಲಿಲ್ಲ, ಎರಡು ಸಲವೂ ಮುಚ್ಚಲಿಲ್ಲ. ಟೈಪ್‌ರೈಟರಿನತ್ತ ಹೋಯಿತು.

ಕಾಗದ ಸೇರಿಸಿ ಕುಳಿತೆ. ಕೈಂಡ್ಲಿ ಮುಗಿಯುವಷ್ಟರಲ್ಲಿ ಕಾಫಿ ಆರಿತು. ಮುಂದಿನದು ಎ. ನಾಲಿಗೆಯ ತುದಿಯಲ್ಲಿ ಹತ್ತು ಪದಗಳು ಕುಣಿದವು, ತುಟಿ ಕಚ್ಚಿಕೊಂಡೆ. ಎಸ್. ಕೆ. ಆಮೇಲೆ ಮತ್ತೊಂದು ಪದ. ಹತ್ತಿರದ ಕಾರ್ಖಾನೆಯ ಮಧ್ಯಾಹ್ನದ ಸೈರನ್ ಕೂಗುವ ಹೊತ್ತಿಗೆ ಮೂರು ಪದಗಳಾಗಿದ್ದವು. ‘ಕೈಂಡ್ಲಿ ಆಸ್ಕ್ ಹರ್.’ ದಯವಿಟ್ಟು ಅವಳನ್ನು ಕೇಳಿ.

“ನನ್ನನ್ನಾ ಅಪ್ಪ?” ಎಂದರು ಜಯಕ್ಕ. ಕಣ್ಣು ಎರಡು ಸಲ ಮುಚ್ಚಿತು. ಆಮೇಲೆ ನನ್ನ ಕಡೆ ತಿರುಗಿ ಅಲ್ಲೇ ನಿಂತಿತು.

ಎಲ್ಲರೂ ನನ್ನನ್ನು ನೋಡಿದರು. ಬಾಯಿ ತೆರೆದರೆ ‘ಅವರಿಷ್ಟ ಹೇಗೋ ಹಾಗೆ’ ಎಂಬ ಒಣಮಾತು ಬರುತ್ತಿತ್ತು. ಮಾವನವರಿಗೆ ಅದೂ ಗೊತ್ತಿರಬೇಕು. ಮತ್ತೆ ಟೈಪ್‌ರೈಟರ್ ನೋಡಿದರು. ಆ ಗಳಿಗೆಯಲ್ಲಿ ನನ್ನ ತಲೆಗೆ ಆ ದೂರದೇಶದ ತಂತಿ ಅಂಟಿಸಿದ್ದರೆ ಏನು ಮೂಡುತ್ತಿತ್ತೆಂದು ಹೇಳಿಬಿಡುತ್ತೇನೆ: ‘ಹೋಗಲಿ’. ಅದರ ಬೆನ್ನಿಗೇ, ‘ಬೇಡ, ಕಾಫಿಯನ್ನು ಚಮಚದಲ್ಲಿ ಎಷ್ಟು ಮೆಲ್ಲಗೆ ಕೊಡಬೇಕೆಂದು ಅಲ್ಲಿ ಯಾರಿಗೆ ಗೊತ್ತು’. ಅದರ ಮೇಲೆ, ‘ಮಧ್ಯಾಹ್ನ ಒಂದು ಗಂಟೆ ಮಲಗಿ ಎಷ್ಟು ದಿನವಾಯಿತು’. ಕೊನೆಗೆ, ‘ಒಲೆಯ ಮೇಲೆ ಹಾಲಿದೆ’. ಎಲ್ಲವೂ ನಿಜ. ಆದರೆ ಅದರಲ್ಲಿ ಒಂದನ್ನು ಮಾತ್ರ ಓದಿಕೊಂಡು ಯಾರು ಎದ್ದರೂ ಅದು ನಾನಾಗುತ್ತಿರಲಿಲ್ಲ.

ಬೆರಳುಗಳು ತಾವಾಗಿಯೇ ಕೆ ಹೊಡೆದವು, ಐ ಹೊಡೆದವು. ನಿಧಾನವಾಗಿ, ಮಾವನವರ ವೇಗದಲ್ಲಿ. ವೈ ತಲುಪುವಷ್ಟರಲ್ಲಿ, ಅವರು ಈ ಆರು ಅಕ್ಷರವನ್ನು ಯಾಕೆ ಬಿಟ್ಟುಕೊಡುವುದಿಲ್ಲವೆಂದು ತಿಳಿಯಿತು. ಅದು ಬರೀ ಮರ್ಯಾದೆಯಲ್ಲ; ಮೊದಲು ನುಗ್ಗಿ ಬಂದದ್ದು ಹಾದುಹೋಗಿ, ನಿಜವಾಗಿ ಹೇಳಬೇಕಾದದ್ದು ಮೇಲೆ ಬರಲು ಬೇಕಾದ ಬಿಡುವು.

ಹೊಡೆದದ್ದು ಇಷ್ಟು: ದಯವಿಟ್ಟು ಇಲ್ಲೇ ಇರಿ. ತಿಂಗಳಿಗೊಂದು ವಾರ ಕೆಂಗೇರಿಗೆ ಹೋಗಿಬನ್ನಿ. ನನಗೂ ನಿದ್ದೆ ಬೇಕು.

ನಮ್ಮವರು ಗಟ್ಟಿಯಾಗಿ ಓದಿ, ಕೊನೆಯ ಸಾಲಿಗೆ ದನಿ ತಗ್ಗಿಸಿದರು. “ಹೇಳ್ಬಾರ್ದಾಗಿತ್ತೇನೇ ಇಷ್ಟು ದಿನ?” ಎಂದರು.

“ಯಾವಾಗ ಕೇಳಿದ್ಯೋ ನೀನು?” ಎಂದು ಜಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾವನವರು ಒಂದು ಸಲ ಕಣ್ಣು ಮುಚ್ಚಿ, ಮತ್ತೆ ಕೀಗಳತ್ತ ನೋಡಿದರು. ಆಶೀರ್ವಾದವಿರಬೇಕೆಂದು ಬೇಗ ಬೆರಳಿಟ್ಟೆ. ಸಿ ಎಂದರು. ಮತ್ತೊಂದು ಸಿ. ಕಾರ್ಬನ್ ಕಾಪಿ! ಮೊದಲಿನಿಂದ ಮತ್ತೆ ಹೊಡೆದೆ. ಮೂಲಪ್ರತಿ ಅವರ ಹಾಸಿಗೆಯ ಎದುರಿನ ಗೋಡೆಗೇರಿತು. ನಾನು ಕಾಫಿ ತಡಮಾಡಿ ಸಿಡುಕಿದ ದಿನ ಅವರು ಸುಮ್ಮನೆ ಆ ಕಾಗದವನ್ನೇ ನೋಡುತ್ತಾರೆ.

ಕಳೆದ ವಾರ ಮೊದಲ ಸಲ ಕೆಂಗೇರಿಗೆ ಹೋದರು. ಟೈಪ್‌ರೈಟರ್ ನೋಡಿಕೊಂಡು ಕ್ಯಾಲೆಂಡರಿನ ಹಿಂಬದಿಯಲ್ಲಿ ಕೀಗಳ ಚಿತ್ರ ಬರೆದುಕೊಟ್ಟು, “ಊಹೆ ಮಾತ್ರ ಮಾಡ್ಬೇಡಿ ಜಯಕ್ಕ,” ಎಂದು ಉಪದೇಶವನ್ನೂ ಮಾಡಿ ಕಳಿಸಿದೆ. ಸೋಮವಾರ ಮಧ್ಯಾಹ್ನ ಸೊಗಸಾಗಿ ನಿದ್ದೆ ಮಾಡಿದೆ. ಮಂಗಳವಾರ ಮಲಗಿಕೊಂಡು ಫ್ಯಾನ್ ನೋಡಿದೆ. ಬುಧವಾರ ಟೈಪ್‌ರೈಟರಿನ ಧೂಳು ಒರೆಸಲೆಂದು ಕುಳಿತವಳು ಎದ್ದಾಗ ಕಾಗದದ ಮೇಲೆ ‘ಕೈಂಡ್ಲಿ ಕಮ್’ ಎಂದಿತ್ತು. ತಲೆಗೆ ಯಾವ ತಂತಿಯೂ ಇರಲಿಲ್ಲ. ಕಾರ್ಬನ್ ಕೂಡ ಹಾಕಿರಲಿಲ್ಲ, ಮಾವನವರ ಲೆಕ್ಕದಲ್ಲಿ ಅದು ಪತ್ರವೇ ಅಲ್ಲ. ಸದ್ಯ, ಸಾಕ್ಷಿ ಉಳಿಯಲಿಲ್ಲ.