ನೋಲ್ಫಾಳ ಮಂಜಿನ ಕಟ್ಟು ಪುರಸಭೆಗೆ ಸೇರಿದ್ದು

ಪುಯೆರ್ತೊ ಆಲ್ಮೆಹಾ ಪುರಸಭೆಯ ನಾಯಿ ಪರವಾನಗಿ ವಿಭಾಗದ ಏಕೈಕ ನೌಕರಳಾದ ನೋಲ್ಫಾ ಒಯಾರ್ಸುನ್, ಮಾರ್ಚ್ ತಿಂಗಳ ಎರಡನೇ ಮಂಗಳವಾರ ಒಂದು ದಿನದ ರಜೆಗೆ ಅರ್ಜಿ ಸಲ್ಲಿಸಿದಳು. ‘ಕಾರಣ’ ಎಂಬಲ್ಲಿ ನಿಜವನ್ನೇ ಬರೆದಳು. ಹನ್ನೊಂದು ವರ್ಷಗಳ ಸೇವೆಯಲ್ಲಿ ಅವಳಿಂದಾದ ಮೊದಲ ಕರ್ತವ್ಯಲೋಪ ಅದು.

ನಿಜವೇನೆಂದರೆ, ಕಾಲುವೆಯಾಚೆಯ ಊರಿನ ವ್ಯಾಯಾಮಶಾಲೆಯಲ್ಲಿ ‘ಉಬ್ಬರ’ ಪಂದ್ಯಾವಳಿ ಇತ್ತು. ಉಬ್ಬರ ಎಂಬುದು ಕಾರ್ಡುಗಳ ಆಟ. ಪೊಟ್ಟಣಗಳಲ್ಲಿ ಬರುವ ನೂರಾರು ಬಗೆಯ ಕಾರ್ಡುಗಳನ್ನು ಕೂಡಿಸಿ, ಬದಲಾಯಿಸಿ, ಅವರವರ ಕಟ್ಟನ್ನು ಅವರವರೇ ಕಟ್ಟಿಕೊಳ್ಳಬೇಕು. ಕಟ್ಟಿನಲ್ಲಿ ನಲವತ್ತಕ್ಕೆ ಕಡಿಮೆ ಇರಕೂಡದು. ಸರದಿಗೊಂದು ಕಾರ್ಡು ಎತ್ತಬೇಕು, ದೋಣಿ ಇಳಿಸಬೇಕು, ಎದುರಾಳಿಯ ಐದು ದೋಣಿ ಮುಳುಗಿಸಿದರೆ ಗೆಲುವು. ಎತ್ತಲು ಕಾರ್ಡೇ ಇಲ್ಲದವರು ಸೋತಂತೆ ಎಂಬ ನಿಯಮವೂ ಇತ್ತು. ಆಟ ಅಷ್ಟು ದೂರ ಹೋದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ನೋಲ್ಫಾಳದು ಮಂಜಿನ ಕಟ್ಟು. ಅವಳ ದೋಣಿಗಳು ಮಂಜಿನಲ್ಲಿ ಅಡಗಿರುತ್ತಿದ್ದವು. ಎದುರಾಳಿ ಕಣ್ಣು ಕಿರಿದು ಮಾಡಿಕೊಂಡು ಹುಡುಕುವಷ್ಟರಲ್ಲಿ ಬೆನ್ನ ಹಿಂದಿನಿಂದ ಬಂದು ಕೆಲಸ ಮುಗಿಸುತ್ತಿದ್ದವು. ಮೂರು ವರ್ಷ ಅದನ್ನು ತಿದ್ದಿದ್ದಳು. ನಾಲ್ಕಿದ್ದ ‘ಬೆಳಗಿನ ಮಂಜು’ವನ್ನು ಮೂರಕ್ಕಿಳಿಸಿ, ಒಂದು ತಿಂಗಳು ಆಡಿ, ಪಶ್ಚಾತ್ತಾಪಪಟ್ಟು ಮತ್ತೆ ನಾಲ್ಕು ಮಾಡಿದ್ದಳು. ‘ಕುರುಡಜ್ಜಿಯ ದೋಣಿ’ ಎಂಬ ಅಪರೂಪದ ಕಾರ್ಡಿಗಾಗಿ ಹೊಗೆಯಲ್ಲಿ ಒಣಗಿಸಿದ ಚಿಪ್ಪುಮೀನಿನ ಆರು ಸರ ಕೊಟ್ಟಿದ್ದಳು. ಈಗ ಉಳಿದಿದ್ದದ್ದು ಒಂದೇ ಅನುಮಾನ: ‘ದೀಪಸ್ತಂಭ’ ತೆಗೆದು ‘ಸದ್ದಿಲ್ಲದ ಹುಟ್ಟು’ ಹಾಕಿದರೆ ಹೇಗೆ?

ಪ್ರತಿ ಭಾನುವಾರ ಮೀನುಪೇಟೆಯಲ್ಲಿ ಅವಳ ಕೈಲಿ ಸೋಲುತ್ತಿದ್ದವನು, ಕಡಲಮುಳ್ಳಿ ಎಂಬ ಮುಳ್ಳುಚಿಪ್ಪಿನ ಕಡಲಜೀವಿ ಮಾರುವ ಗುಮರ್ಸಿಂದೊ.

“ನಿನ್ನ ಕಟ್ಟಿನ ಎದುರು ಕೂತ್ರೆ ನಂಗೆ ನೆಗಡಿ ಆಗುತ್ತೆ ಕಣೇ,” ಎನ್ನುತ್ತಿದ್ದ.

“ಮೂಗು ಒರೆಸ್ಕೊಂಡು ಎಲೆ ಹಾಕು. ನೆಪ ಹೇಳ್ಬೇಡ.”

ರಜೆಯ ಅರ್ಜಿ ಮೇಯರ್ ದೋನ್ ಎವಾರಿಸ್ತೊ ಅವರ ಮೇಜು ತಲುಪಿತು. ಅವರ ಕೋಣೆಯಲ್ಲಿ ಗಾಜಿನ ಕಪಾಟೊಂದಿತ್ತು. ಹಿಂದಿನ ಮೇಯರರ ಕಾಲದಿಂದಲೂ ಅದರಲ್ಲಿ ಪಾರಿತೋಷಕದ ಜಾಗ ಖಾಲಿಯಿತ್ತು. ನೋಲ್ಫಾಳಿಗೆ ಕರೆ ಹೋಯಿತು.

“ರಜೆ ಯಾಕಮ್ಮಾ? ರಜೆ ಹಾಕಿ ಹೋದ್ರೆ ನೀನು ಗೆಲ್ತೀಯ. ಕರ್ತವ್ಯದ ಮೇಲೆ ಹೋದ್ರೆ ನಾವು ಗೆಲ್ತೀವಿ.”

“ಸೋತ್ರೆ, ದೋನ್ ಎವಾರಿಸ್ತೊ?”

“ಸೋತ್ರೆ ನೀನು ರಜೇಲಿದ್ದೆ ಅಂತ ಬರ್ಕೊಂಡ್ರಾಯ್ತು.”

ಮರುದಿನ ಸೂಚನಾ ಫಲಕದಲ್ಲಿ ಪ್ರಕಟಣೆ ಬಿತ್ತು: “ಸದರಿ ನೌಕರಳ ವಶದಲ್ಲಿರುವ ಕಾರ್ಡುಗಳ ಕಟ್ಟನ್ನು ಪುರಸಭೆಯ ಚರಾಸ್ತಿಯೆಂದು ಪರಿಗಣಿಸತಕ್ಕದ್ದು. ಅದಕ್ಕೆ ಕಾರ್ಡು ಸೇರಿಸುವುದಾಗಲಿ, ಅದರಿಂದ ತೆಗೆಯುವುದಾಗಲಿ ಪರಿಷ್ಕರಣ ಸಮಿತಿಯ ಪೂರ್ವಾನುಮತಿಯಿಲ್ಲದೆ ಆಗತಕ್ಕದ್ದಲ್ಲ.”

ನೋಲ್ಫಾಳಿಗೆ ಖುಷಿಯೇ ಆಯಿತು. ಹನ್ನೊಂದು ವರ್ಷ ಆ ಕಟ್ಟಡದಲ್ಲಿ ಯಾರೂ ಅವಳನ್ನು ನಾಯಿಗಳ ಬಗ್ಗೆ ಬಿಟ್ಟು ಬೇರೇನೂ ಕೇಳಿರಲಿಲ್ಲ.

ಚರಾಸ್ತಿಯಾದ್ದರಿಂದ ಉಗ್ರಾಣದವನು ಬಂದು ಪ್ರತಿ ಕಾರ್ಡಿನ ಬೆನ್ನಿಗೂ ದಾಸ್ತಾನು ಸಂಖ್ಯೆ ಅಂಟಿಸತೊಡಗಿದ. ಬೆನ್ನಿನ ಮೇಲೆ ಬೇರೆಬೇರೆ ಗುರುತಿದ್ದರೆ ಆಟದಲ್ಲಿ ಮೋಸವಾಗುತ್ತದೆಂದು ನೋಲ್ಫಾ ವಿವರಿಸಿದಳು. ಅವನು ಬುದ್ಧಿವಂತ, ಎಲ್ಲಕ್ಕೂ ಒಂದೇ ಸಂಖ್ಯೆ ಅಂಟಿಸಿದ. ಹೀಗಾಗಿ ದಾಖಲೆಯ ಪ್ರಕಾರ ಪುರಸಭೆಯ ಬಳಿ ಒಂದೇ ಕಾರ್ಡು ಇತ್ತು. ಲೆಕ್ಕಪರಿಶೋಧಕರು ಇಷ್ಟು ಸರಳವಾದ ದಾಸ್ತಾನು ನೋಡಿ ಸಂತೋಷಪಟ್ಟರು.

ಸಮಿತಿಯ ಮೊದಲ ಸಭೆಯಲ್ಲಿ ನೋಲ್ಫಾ ದೀಪಸ್ತಂಭವನ್ನು ಕೈಬಿಡಲು ಕೋರಿದಳು. ಪ್ರವಾಸೋದ್ಯಮ ವಿಭಾಗದವರಿಗೆ ನೋವಾಯಿತು. ದೀಪಸ್ತಂಭ ಊರಿನ ಹೆಮ್ಮೆಯಾಗಿದ್ದು, ಒಂದಿದ್ದದ್ದನ್ನು ನಾಲ್ಕು ಮಾಡಲು ನಿರ್ಣಯವಾಯಿತು. ಪ್ರವಾಸೋದ್ಯಮಕ್ಕೆ ನಾಲ್ಕಾದರೆ ನೈರ್ಮಲ್ಯಕ್ಕೆ ಏಕಿಲ್ಲ ಎಂಬ ನ್ಯಾಯವಾದ ಪ್ರಶ್ನೆ ಎದ್ದು ‘ಕಸದ ಅಲೆ’ ನಾಲ್ಕು ಬಂದವು. ಸ್ಮಶಾನ ವಿಭಾಗ ‘ಹೆಣದ ದೋಣಿ’ ಕೇಳಿ, ಅಗ್ನಿಶಾಮಕದವರು ಅದನ್ನು ಆಕ್ಷೇಪಿಸಿ, ಇಬ್ಬರಿಗೂ ಎಂಟೆಂಟು ಸಿಕ್ಕವು. ಅಷ್ಟರಲ್ಲಿ ಸಮಿತಿಯ ಅಧ್ಯಕ್ಷೆ, ಕಾನೂನು ಅಧಿಕಾರಿ ದೋನ್ಯಾ ಒತಿಲಿಯಾ, ಕನ್ನಡಕ ತೆಗೆದರು.

“ಮಂಜು, ಮಂಜು, ಮಂಜು. ಊರಿಗೆ ಕೆಟ್ಟ ಹೆಸರು. ಒಂದೊಂದು ಮಂಜಿಗೆ ಒಂದೊಂದು ಬಿಸಿಲು ಹಾಕ್ರಿ.”

ನೋಲ್ಫಾ ಎದ್ದು ನಿಂತಳು. “ಬಿಸಿಲು ಬಂದ್ರೆ ಮಂಜು ಕರಗಿಹೋಗುತ್ತೆ, ದೋನ್ಯಾ. ಕಾರ್ಡಿನ ಮೇಲೇ ಬರೆದಿದೆ. ನನ್ನ ದೋಣಿ ಎಲ್ಲೆಲ್ಲಿದೆ ಅಂತ ನಾನೇ ತೋರಿಸಿದ ಹಾಗಾಗುತ್ತೆ.”

“ಅದಕ್ಕೇ ಪಾರದರ್ಶಕತೆ ಅನ್ನೋದು, ಮಗಳೇ. ಕೂತ್ಕೋ.”

ನಡಾವಳಿಯಲ್ಲಿ ಹೀಗೆ ದಾಖಲಾಯಿತು: “ಕಟ್ಟಿನ ವಿಷಯ ‘ಮಂಜು’ ಎಂದಿರುವಲ್ಲೆಲ್ಲ ‘ಮಂಜು ಹಾಗೂ ಸರ್ವತೋಮುಖ ಅಭಿವೃದ್ಧಿ’ ಎಂದು ಓದಿಕೊಳ್ಳತಕ್ಕದ್ದು. ಆಟದ ವೇಳೆ ಯಾವುದೇ ದೋಣಿಯನ್ನು ನೀರಿಗಿಳಿಸುವ ಮುನ್ನ ಬಂದರು ವಿಭಾಗದ ಮುಖ್ಯಸ್ಥರ ಸಹಿ ಪಡೆಯತಕ್ಕದ್ದು.”

ಆರು ಸಭೆಗಳಾದ ಮೇಲೆ ಕಟ್ಟಿನಲ್ಲಿ ಮುನ್ನೂರ ಹನ್ನೆರಡು ಕಾರ್ಡುಗಳಿದ್ದವು. ಮನುಷ್ಯರ ಕೈಯಲ್ಲಿ ಅದನ್ನು ಕಲೆಸಲಾಗದ ಕಾರಣ, ಮೇಯರರ ಬಾಮೈದನನ್ನು ಕಲೆಸುವಿಕೆಯ ಸಂಯೋಜಕನನ್ನಾಗಿ ನೇಮಿಸಲಾಯಿತು. ಅವನಿಗೆ ಮಣಿಕಟ್ಟಿನ ನೋವಿದ್ದುದರಿಂದ ಇಬ್ಬರು ಸಹಾಯಕರು.

ಆ ಭಾನುವಾರ ನೋಲ್ಫಾ ಕಟ್ಟನ್ನು ಮೀನಿನ ಪೆಟ್ಟಿಗೆಯಲ್ಲಿ ಹೊತ್ತುಕೊಂಡು ಪೇಟೆಗೆ ಹೋದಳು. ಗುಮರ್ಸಿಂದೊ ಕೈ ಒರೆಸಿಕೊಂಡು ಕುಳಿತ. ಬಿಸಿಲು ಬಂತು, ಕಸ ಬಂತು, ದೀಪಸ್ತಂಭ ಬಂತು, ಮತ್ತೆ ಕಸ ಬಂತು.

“ಏನೇ ಇದು? ನಿನ್ನ ಕುರುಡಜ್ಜಿ ಎಲ್ಲಿ?”

“ಒಳಗೆಲ್ಲೋ ಇದ್ದಾಳೆ.”

ಪೇಟೆ ಮುಚ್ಚುವವರೆಗೂ ಅಜ್ಜಿ ಬರಲಿಲ್ಲ. ಪೇಟೆಯ ಆಟಕ್ಕೆ ಸಹಿ ಬೇಕಿರಲಿಲ್ಲ; ಅವಳು ಇಳಿಸಿದ ಐದೂ ದೋಣಿ ಬಿಸಿಲಿನಲ್ಲಿ ಬಯಲಾಗಿ ಮುಳುಗಿ, ಗುಮರ್ಸಿಂದೊ ಮೊದಲ ಸಲ ಗೆದ್ದ. ಸಂಭ್ರಮಪಡಲು ಬಾಯಿ ತೆರೆದವನು ನೋಲ್ಫಾಳ ಮುಖ ನೋಡಿ ಎರಡು ಕಡಲಮುಳ್ಳಿ ಒಡೆದು, ನಿಂಬೆ ಹಿಂಡಿ, ಅವಳ ಮುಂದೆ ಇಟ್ಟ. ಅವಳು ತಿನ್ನಲಿಲ್ಲ.

ಪಂದ್ಯಕ್ಕೆ ಪುರಸಭೆಯ ಹತ್ತೊಂಬತ್ತು ಮಂದಿಯ ನಿಯೋಗ ಹೊರಟಿತು. ಆಡುವವಳು ನೋಲ್ಫಾ, ಉಳಿದವರು ಅಧ್ಯಯನಕ್ಕೆ.

ಮೊದಲ ಎದುರಾಳಿ ಲೆಯೊಕಾದಿಯೊ ಎಂಬ ಹಲ್ಲಿನ ವೈದ್ಯ. ಅವನದು ಶಾರ್ಕುಗಳ ಕಟ್ಟು. ಒಂದೊಂದು ಕಾರ್ಡಿಗೂ ತನ್ನ ಜಾಗ ತಿಳಿದಿತ್ತು. ಮೂರನೇ ಸರದಿಗೆ ಅವನ ದೋಣಿಗಳು ನೀರಿನಲ್ಲಿದ್ದವು. ನೋಲ್ಫಾ ಕಾರ್ಡು ಎತ್ತಿದಳು. ಕುರುಡಜ್ಜಿ! ಈಗ ಇಳಿಸಿದರೆ ಆರೇ ಸರದಿಯಲ್ಲಿ ಆಟ ಮುಗಿಸಬಹುದಿತ್ತು. ಹಿಂದೆ ತಿರುಗಿ ಸಹಿ ಕೇಳಿದಳು.

“ಬಂದರಿನವರು ಊಟಕ್ಕೆ ಹೋಗಿದ್ದಾರೆ,” ಎಂದರು ದೋನ್ ಎವಾರಿಸ್ತೊ. “ಗುಂಡೀಲಿ ಹೂತು ಬೇಯಿಸೋ ಚಿಪ್ಪುಮೀನಿನ ಕುರಾಂತೊ ಅಂತೆ. ಗುಂಡಿಯಿಂದ ತೆಗೆಯೋದೇ ಮೂರು ಗಂಟೆಗೆ.”

ನೋಲ್ಫಾ ತೀರ್ಪುಗಾರ್ತಿಯ ಕಡೆ ತಿರುಗಿದಳು. “ಅನುಮತಿ ಬಂದಿಲ್ಲ. ಸರದಿ ಬಿಟ್ಟಿದ್ದೀನಿ.”

ನೀರಿನಲ್ಲಿ ದೋಣಿಯೇ ಇಲ್ಲದವರ ಮೇಲೆ ದಾಳಿ ಮಾಡುವಂತಿಲ್ಲ ಎಂಬುದು ಆಟದ ನಿಯಮ. ಲೆಯೊಕಾದಿಯೊನ ಶಾರ್ಕುಗಳು ಬಾಯಿ ತೆರೆದುಕೊಂಡು ಕಾದವು. ಅವನು ಕಾರ್ಡು ಎತ್ತಿದ, ಅವಳು ಎತ್ತಿದಳು, ಅನುಮತಿ ಬಂದಿಲ್ಲ ಎಂದಳು. ಅವನು ಎತ್ತಿದ. ಬಂದರಿನವರು ಹೊಟ್ಟೆ ಸವರುತ್ತ ಮರಳಿದಾಗ ಅವನ ನಲವತ್ತೂ ಮುಗಿದಿದ್ದವು. ನೋಲ್ಫಾಳ ಪೆಟ್ಟಿಗೆ ಇನ್ನೂ ತುಂಬಿದಂತೆಯೇ ಇತ್ತು.

“ಮೂರು ವರ್ಷ ತಿದ್ದಿದ ಕಟ್ಟು ಇದು,” ಎಂದ ವೈದ್ಯ, ಖಾಲಿ ಮೇಜು ನೋಡುತ್ತ.

“ನಂದೂ ಅಷ್ಟೇ,” ಎಂದಳು ನೋಲ್ಫಾ. ಅವನ ಮುಖ ನೋಡುವ ಧೈರ್ಯವಾಗಲಿಲ್ಲ.

ಅದೇ ರೀತಿ ಅವಳು ಆರು ಜನರನ್ನು ಸೋಲಿಸಿದಳು. ಮತ್ತೆ ಸಹಿ ಕೇಳಲಿಲ್ಲ, ಒಂದು ದೋಣಿಯನ್ನೂ ಇಳಿಸಲಿಲ್ಲ. ಪಾರಿತೋಷಕ ಕಪಾಟು ಸೇರಿತು. “ಈ ಗೆಲುವು ಕಾರ್ಯವಿಧಾನದ ಗೆಲುವು,” ಎಂದು ಮೇಯರ್ ಭಾಷಣ ಮಾಡಿದರು. ಅಂದು ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ನೋಲ್ಫಾಳಿಗೆ ಪರಿಷ್ಕರಣ ನಿರ್ದೇಶಕಿಯಾಗಿ ಬಡ್ತಿ ಸಿಕ್ಕಿತು. ಅವಳು ಕೇಳಿದ್ದು ತನ್ನ ನಲವತ್ತು ಕಾರ್ಡು ಮಾತ್ರ. ದಾಖಲೆಯಂತೆ ಪುರಸಭೆಯಲ್ಲಿರುವುದು ಒಂದೇ ಕಾರ್ಡಾದ್ದರಿಂದ ನಲವತ್ತನ್ನು ಹಿಂದಿರುಗಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ ಎಂದು ಉತ್ತರ ಬಂತು. ಆ ಪತ್ರವನ್ನು ಅವಳು ಎರಡು ಸಲ ಓದಿದಳು. ಮೂರನೇ ಸಲ ಓದುವಾಗ ಒಕ್ಕಣೆಯಲ್ಲಿದ್ದ ಒಂದು ತಪ್ಪನ್ನು ತಿದ್ದಿ, ಸಹಿ ಹಾಕಿ, ಕಡತಕ್ಕೆ ಸೇರಿಸಿದಳು.

ಸುತ್ತಲಿನ ಪುರಸಭೆಗಳು ಸುಮ್ಮನೆ ಕೂರಲಿಲ್ಲ. ಎಲ್ಲ ಕಡೆ ಸಮಿತಿಗಳಾದವು. ಮರುವರ್ಷದ ಅಂತಿಮ ಪಂದ್ಯಕ್ಕೆ ಲೆಯೊಕಾದಿಯೊ ಎರಡು ಸಾವಿರದ ಕಟ್ಟನ್ನು ಕೈಗಾಡಿಯಲ್ಲಿ ತಂದ. ನೋಲ್ಫಾಳದು ಎರಡು ಸಾವಿರದ ನಾನೂರು. ಇಬ್ಬರೂ ಕೈ ಕುಲುಕಿ ಕುಳಿತರು. ಒಂಬತ್ತನೇ ದಿನ ಅವನು ಫ್ಲಾಸ್ಕಿನಿಂದ ಅವಳಿಗೂ ಒಂದು ಲೋಟ ಚಹಾ ಸುರಿದ.

“ನಿಮ್ಮ ಕಟ್ಟಲ್ಲಿ ಏನೇನಿದೆ, ಮೇಡಂ?”

“ಗೊತ್ತಿಲ್ಲ. ನಿಮ್ಮದರಲ್ಲಿ?”

“ನಮಗೂ ವರದಿ ಬಂದಿಲ್ಲ.”

“ಎಂಟುನೂರನೇ ಸರದಿ,” ಎಂದು ತೀರ್ಪುಗಾರ್ತಿ ಘೋಷಿಸಿದಳು. “ಇಬ್ಬರೂ ಆಡಿಲ್ಲ.”

ಇಡೀ ವ್ಯಾಯಾಮಶಾಲೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ಗುಮರ್ಸಿಂದೊ ಪಕ್ಕದವನ ತೋಳು ಹಿಡಿದು, “ಏನ್ ಬಿಗಿ ಆಟ ಮಾರಾಯಾ! ಉಸಿರಾಡೋಕೇ ಆಗ್ತಿಲ್ಲ!” ಎಂದ. ನೋಲ್ಫಾ ಎದ್ದು ಸಭೆಗೆ ತಲೆಬಾಗಿ, ಕುಳಿತು, ಕಾರ್ಡೊಂದನ್ನು ಎತ್ತಿ, ನೋಡದೆ ಪಕ್ಕಕ್ಕಿಟ್ಟಳು.